ಕೆಂಪು ಚೀಟಿಯ ಸಾಸಿವೆ

ಬೆಳಗ್ಗೆ ಏಳೂವರೆಗೆ ಮನೆ ಬಿಟ್ಟು ಸಂಜೆ ಆರಕ್ಕೆ ಮರಳುವ ಗಂಡನ ಜೊತೆ ಜಯಮಾಲಾ ಇಪ್ಪತ್ತೊಂದು ವರ್ಷ ಸುಖವಾಗಿ ಸಂಸಾರ ಮಾಡಿದ್ದಳು. ಆತ ಇಪ್ಪತ್ತನಾಲ್ಕು ಗಂಟೆಯೂ ಮನೆಯಲ್ಲೇ ಉಳಿಯತೊಡಗಿದ ಮೇಲೆ ಆ ಸುಖಕ್ಕೆ ಕಾರಣ ಏನಾಗಿತ್ತೆಂಬುದು ಅವಳಿಗೆ ತಿಳಿಯಿತು.

ಹೇಮಚಂದ್ರ ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಮಾಡಿ ಹಾಕಿದ್ದನ್ನು ತಿನ್ನುತ್ತಾನೆ. ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಲಿಟಲ್ ಐಲ್ಯಾಂಡಿನಲ್ಲಿ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಅವನಿಗೆ ಕೆಲಸ. ಮಾತ್ರೆ ತಯಾರಿಸುವುದಲ್ಲ, ತಯಾರಿಸಿದವರು ಬರೆದಿಟ್ಟ ಕಾಗದಗಳನ್ನು ಓದಿ, ಎಲ್ಲಿ ಸಹಿ ಬಿಟ್ಟುಹೋಗಿದೆ, ಎಲ್ಲಿ ವೇಳೆಯನ್ನು ತಿದ್ದಿದ್ದಾರೆ ಎಂದು ಹುಡುಕುವುದು. ಬರೆದಿಡದ ಕೆಲಸ ನಡೆದೇ ಇಲ್ಲ ಎಂದು ಲೆಕ್ಕ ಹಿಡಿಯುವ ವೃತ್ತಿ ಅದು. ಇಂಥ ಕೆಲಸಕ್ಕೆ ಕಾರ್ಖಾನೆಗೇ ಬರಬೇಕೆಂದಿಲ್ಲ, ಮನೆಯಲ್ಲೇ ಕೂತು ಓದಿ ಎಂದು 2020ರ ಮಾರ್ಚಿನಲ್ಲಿ ಕಂಪನಿ ಹೇಳಿತು. ಹೇಮಚಂದ್ರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕುಳಿತ. ಆ ಮೇಜಿನಿಂದ ಅಡುಗೆಮನೆ ನೇರವಾಗಿ ಕಾಣುತ್ತದೆ.

ಮೊದಲ ಕೆಲವು ತಿಂಗಳು ಆತ ಸುಮ್ಮನೆ ನೋಡಿದ. ಬೇಸಿಗೆ ಕಳೆಯುವ ಹೊತ್ತಿಗೆ ಕೇಳಲು ಶುರುಮಾಡಿದ. ಜಯಮಾಲಾ ಕೆಲಸ ಮಾಡುತ್ತಿದ್ದ ಊರಿನ ಗ್ರಂಥಾಲಯವೂ ಮುಚ್ಚಿತ್ತು. ಅವಳಿಗೆ ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ನವೆಂಬರಿನ ಒಂದು ಶನಿವಾರ ಹೇಮಚಂದ್ರ ಕೈಗೆ ಕಾರ್ಖಾನೆಯ ನೀಲಿ ಗವಸು ಹಾಕಿಕೊಂಡು ಅಡುಗೆಮನೆಗೆ ಬಂದ.

"ಜಯಾ, ಈ ಡಬ್ಬೀಲಿ ಏನಿದೆ?"

"ಸಾಸಿವೆ."

"ಅದು ಕಾಣತ್ತೆ. ಯಾವಾಗ ತಂದಿದ್ದು?"

"ಮುಗಿದಾಗ."

"ಅಂದ್ರೆ ಹಳೇದರ ಮೇಲೇ ಹೊಸದು ಸುರಿದಿದ್ದೀಯ?"

"ಮತ್ತೇನ್ರೀ, ಹಳೇದನ್ನ ಎಣಿಸಿ ಎತ್ತಿಡಬೇಕಿತ್ತಾ?"

ಆತ ಅದನ್ನೂ ಬರೆದುಕೊಂಡ. ಸಂಜೆಯೊಳಗೆ ಹನ್ನೊಂದು ಡಬ್ಬಿಗಳ ಮೇಲೆ ಕೆಂಪು ಚೀಟಿ ಬಿತ್ತು. ಸಾಸಿವೆ, ಮೆಂತ್ಯ, ಕೊತ್ತಂಬರಿ ಬೀಜ, ಇನ್ನೂ ಏನೇನೋ, ಎಲ್ಲವೂ ತಿರಸ್ಕೃತ. ಆದರೆ ತಿರಸ್ಕರಿಸಿದ ಸರಕನ್ನು ಹಾಗೇ ಬಿಸಾಡುವಂತಿಲ್ಲವಂತೆ. ಬೇರೆಯಾಗಿಡಬೇಕು, ಯಾರ ಕೈಗೂ ಸಿಗಬಾರದು. ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಮೆಟ್ಟಿಲ ಕೆಳಗಿನ ಗೂಡಿಗೆ ತಳ್ಳಿದ. ಹದಿನೈದು ವರ್ಷದ ಮಗಳು ಅನನ್ಯಾ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಕಾರ್ಕಿನ ಇಂಗ್ಲಿಷು.

"ಮಮ್, ನೆಕ್ಸ್ಟ್ ಹೀ'ಲ್ ಸ್ಟಿಕರ್ ಮೀ, ಲೈಕ್."

"ನಿನ್ನ ತಯಾರಿಕೆ ದಿನಾಂಕ ಅವರಿಗೆ ಗೊತ್ತಿದೆ. ನೀನು ಬಚಾವು," ಎಂದಳು ಜಯಮಾಲಾ.

ಡಿಸೆಂಬರಿನಲ್ಲಿ ಒಂದು ಕಾಗದ ಬಂತು. ನಾಲ್ಕು ವರ್ಷದ ಹಿಂದೆ, ಯಾವುದೋ ಹುಮ್ಮಸ್ಸಿನಲ್ಲಿ, ಊರಾಚೆಯ ಸಾರ್ವಜನಿಕ ತೋಟದಲ್ಲಿ ಒಂದು ತುಂಡು ನೆಲಕ್ಕೆ ಹೇಮಚಂದ್ರ ಅರ್ಜಿ ಹಾಕಿ ಮರೆತಿದ್ದ. ಈಗ ಹದಿನಾಲ್ಕನೆಯ ತುಂಡು ಅವನ ಪಾಲಿಗೆ ಬಂದಿತ್ತು. ಜಯಮಾಲಾ ಕಾಗದವನ್ನು ಎರಡು ಸಲ ಓದಿದಳು. ತೋಟ ಮನೆಯಿಂದ ಮೂರು ಕಿಲೋಮೀಟರ್. ಲಾಕ್‌ಡೌನಿನಲ್ಲಿ ವ್ಯಾಯಾಮಕ್ಕೆಂದು ಸರ್ಕಾರ ಬಿಟ್ಟಿದ್ದು ಐದು ಕಿಲೋಮೀಟರ್. ನಡೆದು ಹೋಗಿ ಬರಲು ಒಂದು ಗಂಟೆಗೂ ಮೇಲೆ, ಅಗೆಯಲು ಇನ್ನೊಂದು ಗಂಟೆ. ಅಂದರೆ ದಿನಕ್ಕೆ ಎರಡು ಗಂಟೆ ಗಂಡ ಮನೆಯಲ್ಲಿರುವುದಿಲ್ಲ. ಆ ವರ್ಷ ಅವಳಿಗೆ ಬಂದ ಅಂಚೆಯಲ್ಲೆಲ್ಲ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ.

ಕಾಗದದ ಕೊನೆಯಲ್ಲಿ ಒಂದು ಷರತ್ತಿತ್ತು. ಮೇ ತಿಂಗಳ ಮೊದಲ ಶನಿವಾರ ಸಮಿತಿಯವರು ನೋಡಲು ಬರುತ್ತಾರೆ. ಅಷ್ಟರಲ್ಲಿ ಅರ್ಧ ನೆಲದಲ್ಲಾದರೂ ಏನಾದರೂ ಬೆಳೆದಿರಬೇಕು. ಇಲ್ಲದಿದ್ದರೆ ತುಂಡು ಪಟ್ಟಿಯಲ್ಲಿರುವ ಮುಂದಿನವರಿಗೆ.

ಮುಂದಿನವನು ಯಾಸೀನ್. ಬೆಂಗಳೂರಿನ ಫ್ರೇಜರ್ ಟೌನಿನವನು, ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ವಾಸ. ನಾಲ್ಕು ವರ್ಷದ ಹಿಂದೆ ಇಬ್ಬರೂ ಊಟದ ಬಿಡುವಿನಲ್ಲಿ ಒಟ್ಟಿಗೆ ಕೂತು ಅರ್ಜಿ ತುಂಬಿದ್ದರು. ಹೇಮಚಂದ್ರ ಮೊದಲು ಗುಂಡಿ ಒತ್ತಿದ.

"ಒಂದು ಕ್ಲಿಕ್ ಹಿಂದೆ ಬಿದ್ದೆ ಅಕ್ಕಾ," ಎಂದು ಯಾಸೀನ್ ಫೋನಿನಲ್ಲಿ ಜಯಮಾಲಾಗೆ ಹೇಳಿದ. "ಪರ್ವಾಗಿಲ್ಲ, ಮೇವರೆಗೂ ಕಾಯ್ತೀನಿ. ಹೇಮಣ್ಣ ಮುಲ್ಲಂಗಿ ಬೆಳೆದಿದ್ದನ್ನ ಯಾವತ್ತಾದ್ರೂ ನೋಡಿದೀರಾ?"

"ನೀನು ನೋಡಿದೀಯಾ, ಯಾಸೀನ್, ನೀನು ಬೆಳೆದಿದ್ದನ್ನ?"

"ನಂದು ಬಾಲ್ಕನಿ ಅಕ್ಕಾ. ಅಲ್ಲಿ ಸೈಕಲ್ ಬೆಳೀತೈತೆ."

ಜನವರಿ ಮತ್ತು ಫೆಬ್ರವರಿ ಜಯಮಾಲಾಳ ಪಾಲಿಗೆ ಒಳ್ಳೆಯ ದಿನಗಳು. ಹೇಮಚಂದ್ರ ಮಧ್ಯಾಹ್ನ ಹನ್ನೆರಡಕ್ಕೆ ಗುದ್ದಲಿ ಹೆಗಲಿಗೇರಿಸಿ ಹೊರಟರೆ ಎರಡು ದಾಟಿದ ಮೇಲೆ ಬರುತ್ತಿದ್ದ. ದಾರ ಕಟ್ಟಿ, ಅಳತೆ ಹಿಡಿದು, ನೆಲವನ್ನು ಊಟದ ಮೇಜಿನಂತೆ ಮಟ್ಟ ಮಾಡಿದ. ಆ ಎರಡು ಗಂಟೆಗಳಲ್ಲಿ ಅವಳು ಮಾಡುತ್ತಿದ್ದುದು ವಿಶೇಷವೇನಲ್ಲ. ಒಲೆಯ ಮುಂದೆ ನಿಂತೇ ಬಾಣಲೆಯಿಂದ ಉಪ್ಪಿಟ್ಟು ತಿನ್ನುತ್ತಿದ್ದಳು. ಮೈಸೂರಿನಲ್ಲಿರುವ ಅಕ್ಕನಿಗೆ ಫೋನು ಹಚ್ಚಿ ಜೋರಾಗಿ ಮಾತಾಡುತ್ತಿದ್ದಳು. ಒಂದೇ ಸೌಟನ್ನು ಸಾರಿಗೂ ಪಲ್ಯಕ್ಕೂ ಅದ್ದುತ್ತಿದ್ದಳು, ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಸಮಸ್ಯೆ ಶುರುವಾದದ್ದು ಸಸಿಗಳಿಂದ. ಐರ್ಲೆಂಡಿನಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ ಬೀಜಗಳನ್ನು ನೇರ ನೆಲಕ್ಕೆ ಹಾಕಿದರೆ ಬೀಜವೂ ಇಲ್ಲ, ಗಿಡವೂ ಇಲ್ಲ. ಚಳಿ ಇರುವಾಗಲೇ ಮನೆಯೊಳಗೆ ಬೆಚ್ಚಗೆ ಮೊಳಕೆ ತರಿಸಿ, ಸಾಕಿ, ನಿಧಾನವಾಗಿ ಹೊರಗಿನ ಗಾಳಿಗೆ ಒಗ್ಗಿಸಬೇಕು. ಹೇಮಚಂದ್ರ ಜನ್ಮದಲ್ಲಿ ಒಂದು ಬೀಜ ಬಿತ್ತಿದವನಲ್ಲ. ಆದ್ದರಿಂದ ಹನ್ನೆರಡು ಪುಟದ ಕಾರ್ಯವಿಧಾನ ಬರೆದ. ಮೊದಲನೆಯ ಪುಟದ ಪ್ರಕಾರ ಮಣ್ಣು ಕ್ರಿಮಿಶುದ್ಧವಾಗಿರಬೇಕು. ಒಂದು ಬೆಳಗ್ಗೆ ಜಯಮಾಲಾ ಕೆಳಗಿಳಿದು ಬಂದಾಗ ಒಲೆಯ ಮೇಲೆ ಇಡ್ಲಿ ಪಾತ್ರೆ ಹಬೆಯಾಡುತ್ತಿತ್ತು. ಮುಚ್ಚಳ ತೆಗೆದಳು. ಹದಿನಾರು ಕುಳಿಗಳಲ್ಲೂ ಕರಿಮಣ್ಣು.

"ಏನ್ರೀ ಇದು, ಮಣ್ಣು ಬೇಯಿಸ್ತಿದ್ದೀರಾ?"

"ಬೇಯಿಸೋದಲ್ಲ. ಸ್ಟೆರಿಲೈಸ್. ಇನ್ನು ಎಂಟು ನಿಮಿಷ, ಮುಚ್ಚಳ ಮುಚ್ಚು."

"ನಾಳೆ ಅದರಲ್ಲಿ ಇಡ್ಲಿ ಆಗ್ಬೇಕು."

"ತೊಳೆದು, ಪರೀಕ್ಷೆ ಮಾಡಿ, ಬಿಡುಗಡೆ ಮಾಡ್ತೀನಿ."

ಬಿಡುಗಡೆಯಾದ ಪಾತ್ರೆಯಲ್ಲಿ ಮಾಡಿದ ಇಡ್ಲಿಯನ್ನು ಅನನ್ಯಾ ಮೂಸಿ ನೋಡಿ ತಟ್ಟೆ ಪಕ್ಕಕ್ಕಿಟ್ಟಳು. ಜಯಮಾಲಾ ನುಂಗಿಕೊಂಡಳು, ಇಡ್ಲಿಯನ್ನೂ ಸಿಟ್ಟನ್ನೂ. ಎರಡು ಗಂಟೆ ಎಂದರೆ ಎರಡು ಗಂಟೆ.

ಎರಡನೆಯ ಪುಟ ಬೆಚ್ಚನೆಯ ಜಾಗದ್ದು. ಇಲ್ಲಿನ ಮನೆಗಳಲ್ಲಿ ಮಹಡಿಯ ಮೇಲೆ ಬಿಸಿನೀರಿನ ಸಿಲಿಂಡರ್ ಕೂರಿಸಿದ ಒಂದು ಕಪಾಟು ಇರುತ್ತದೆ; ಅದಕ್ಕೆ ಹಾಟ್ ಪ್ರೆಸ್ ಎನ್ನುತ್ತಾರೆ. ಐರಿಶರು ಅದರಲ್ಲಿ ಟವೆಲ್ ಇಡುತ್ತಾರೆ. ಜಯಮಾಲಾ ಹದಿನೇಳು ವರ್ಷದಿಂದ ದೋಸೆ ಹಿಟ್ಟು ಇಡುತ್ತಿದ್ದಳು; ಈ ದೇಶದಲ್ಲಿ ಒಂದೇ ರಾತ್ರಿಯಲ್ಲಿ ಹಿಟ್ಟು ಉಬ್ಬಬೇಕೆಂದರೆ ಬೇರೆ ದಾರಿಯಿಲ್ಲ. ಒಂದೇ ಕೋಣೆಯಲ್ಲಿ ಎರಡು ಉತ್ಪನ್ನ ಇರಕೂಡದು ಎಂದು ಹೇಮಚಂದ್ರ ಹಿಟ್ಟಿನ ಪಾತ್ರೆಯನ್ನು ಹೊರಗಿಟ್ಟ. ನಲವತ್ತೆಂಟು ಪುಟ್ಟ ಕುಂಡಗಳು ಒಳಗೆ ಹೋದವು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಮೊದಲ ಪರಿಶೀಲನೆ ಹದಿನಾಲ್ಕನೆಯ ದಿನ. ನಡುವೆ ಬಾಗಿಲು ತೆಗೆದರೆ ಉಷ್ಣತೆ ಏರುಪೇರಾಗುತ್ತದೆ, ಯಾರೂ ತೆಗೆಯಕೂಡದು. ಬಾಗಿಲಿಗೆ ಅದನ್ನೂ ಬರೆದು ಅಂಟಿಸಿದ.

ಹದಿನಾಲ್ಕನೆಯ ದಿನ ಬಾಗಿಲು ತೆಗೆದರೆ, ಮೊಳಕೆಗಳು ಯಾವಾಗಲೋ ಬಂದು, ಕತ್ತಲಲ್ಲಿ ಗೇಣುದ್ದ ಬೆಳೆದು, ಬಿಳಿ ಶಾವಿಗೆಯಂತೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಎಲ್ಲವೂ ಬಾಗಿಲ ಸಂದಿನ ಕಡೆಗೆ ಕತ್ತು ಚಾಚಿದ್ದವು. ಬೆಳಕಿಗೆ ತಂದಿಟ್ಟರೂ ಒಂದೂ ಎದ್ದು ನಿಲ್ಲಲಿಲ್ಲ.

"ತಲೆ ಹೊರಗೆ ಹಾಕಿದ ದಿನವೇ ಈಚೆ ತರಬೇಕಿತ್ತು," ಎಂದಳು ಜಯಮಾಲಾ.

"ಅದಕ್ಕೆ ಆಧಾರ?"

"ನಿಮ್ಮ ಕಣ್ಣೆದುರಿಗೇ ಬಿದ್ದಿದೆಯಲ್ಲ."

ಎರಡನೆಯ ಸುತ್ತಿನಲ್ಲಿ ಆತ ತಪ್ಪನ್ನು ತಿದ್ದಿಕೊಂಡ. ಮಾರ್ಚ್ ಕೊನೆಯ ಹೊತ್ತಿಗೆ ಕಿಟಕಿಯ ಬಳಿ ನಲವತ್ತು ಸಸಿಗಳು ನಾಲ್ಕು ನಾಲ್ಕು ಎಲೆ ಬಿಟ್ಟು ಗಟ್ಟಿಯಾಗಿ ನಿಂತಿದ್ದವು. ಜಯಮಾಲಾ ಕೂಡ, ಯಾರಿಗೂ ಹೇಳದೆ, ಬೆಳಗ್ಗೆ ಎದ್ದವಳು ಮೊದಲು ಅವುಗಳ ಮುಖ ನೋಡುತ್ತಿದ್ದಳು. ಆಮೇಲೆ ಅವನ್ನು ಹೊರಗಿನ ಗಾಳಿಗೆ ಒಗ್ಗಿಸುವ ಪುಟ ಬಂತು: ಮೊದಲ ದಿನ ಅರ್ಧ ಗಂಟೆ, ಎರಡನೆಯ ದಿನ ಮುಕ್ಕಾಲು, ಮೂರನೆಯ ದಿನ ಒಂದು ಗಂಟೆ. ಮೂರನೆಯ ದಿನ ಆತ ಸಸಿಗಳನ್ನು ಹಿತ್ತಲ ಗೋಡೆಯ ಮೇಲೆ ಸಾಲಾಗಿ ಇಟ್ಟು ಒಂದು ಗಂಟೆಯ ಆನ್‌ಲೈನ್ ಸಭೆಗೆ ಕೂತ. ಜಯಮಾಲಾ ಅಂಗಡಿಯ ಹೊರಗೆ ಮಾಸ್ಕ್ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದಳು. ಅನನ್ಯಾ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತರಗತಿಯಲ್ಲಿದ್ದಳು. ಆಲಿಕಲ್ಲು ಬಿತ್ತು. ಹೇಮಚಂದ್ರನಿಗೆ ಕಿಟಕಿಯಲ್ಲಿ ಅದು ಕಾಣುತ್ತಲೇ ಇತ್ತು. ಆದರೆ ಸಭೆಯ ಅಧ್ಯಕ್ಷ ಅವನೇ. ಅಧ್ಯಕ್ಷ ಎದ್ದು ಹೋದರೆ ಸಭೆ ಮುಗಿದಂತೆ ದಾಖಲಾಗುತ್ತದೆ. ಆತ ಏಳಲಿಲ್ಲ.

ಜಯಮಾಲಾ ಹಿಂದಿರುಗಿದಾಗ ಗೋಡೆಯ ಮೇಲೆ ನಲವತ್ತು ಕುಂಡ, ನಲವತ್ತು ಸಂಖ್ಯೆ, ಹಸಿರು ಬಣ್ಣದ ಒಂದಿಷ್ಟು ಗೊಜ್ಜು.

ಮೂರನೆಯ ಸುತ್ತಿಗೆ ಆತ ಮತ್ತೆ ಬೀಜ ಹಾಕಿದ. ಆದರೆ ತೋಟಕ್ಕೆ ಹೋಗುವುದನ್ನು ಬಿಟ್ಟುಬಿಟ್ಟ. ನೆಡಲು ಏನೂ ಇಲ್ಲದೆ ಅಲ್ಲಿಗೆ ಹೋಗಿ ಏನು ಮಾಡಲಿ ಎಂಬುದು ಅವನ ಪ್ರಶ್ನೆ. ಸಸಿಗಳ ಮೇಲೆ ಇಪ್ಪತ್ತನಾಲ್ಕು ಗಂಟೆ ಕಣ್ಣಿಡಬೇಕೆಂದು ಕುಂಡಗಳನ್ನು ಊಟದ ಮೇಜಿನ ಮೇಲೇ ಇಟ್ಟುಕೊಂಡ. ಮೂರು ದಿನ ಕಳೆಯಲಿಲ್ಲ, ಸೌಟಿನ ವಿಷಯ ಅವನ ಕಣ್ಣಿಗೆ ಬಿತ್ತು.

ಜಯಮಾಲಾ ಬೆರಳು ಮಡಚಿ ಎಣಿಸಿದಳು. ಮೇ ಒಂದಕ್ಕೆ ಈ ಸಸಿಗಳು ಉಗುರಿನಷ್ಟಿರುತ್ತವೆ. ತುಂಡು ಯಾಸೀನನ ಪಾಲಾಗುತ್ತದೆ. ಗಂಡ ಮೇಜಿನ ಪಾಲಾಗುತ್ತಾನೆ, ಕಾರ್ಖಾನೆ ವಾಪಸ್ ಕರೆಯುವವರೆಗೆ. ಅದು ಯಾವಾಗ ಎಂದು ದೇಶದ ಪ್ರಧಾನಿಗೇ ಗೊತ್ತಿಲ್ಲ.

ಈಸ್ಟರ್ ಭಾನುವಾರ ಹೇಮಚಂದ್ರ ಮಲಗಿದ್ದಾಗ ಅವಳು ಮೆಟ್ಟಿಲ ಕೆಳಗಿನ ಪೆಟ್ಟಿಗೆಗಳನ್ನು ಎಳೆದಳು. ಬಿತ್ತಿದರೆ ಮೊಳೆಯುವಂಥ ಡಬ್ಬಿಗಳನ್ನು ಆರಿಸಿ, ತರಕಾರಿ ತರುವ ಗಾಲಿಚೀಲಕ್ಕೆ ತುಂಬಿ, ಮಗಳನ್ನು ಎಬ್ಬಿಸಿದಳು.

"ಮಮ್, ಈಸ್ ದಿಸ್ ಈವನ್ ಲೀಗಲ್?" ಎಂದಳು ಅನನ್ಯಾ, ಕೆಂಪು ಚೀಟಿ ನೋಡಿ.

"ನಡಿ ಸುಮ್ನೆ. ವ್ಯಾಯಾಮ."

ಜಯಮಾಲಾ ನಾಲ್ಕು ವರ್ಷ ಮೈಸೂರಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು, ಕೃಷಿ ಗೊತ್ತಿಲ್ಲ. ಗಂಡ ಮಟ್ಟ ಮಾಡಿಟ್ಟ ನೆಲದ ಮೇಲೆ ನಿಂತು, ಒಗ್ಗರಣೆಗೆ ಹಾಕುವ ಕೈಯಲ್ಲೇ, ಸ್ವಲ್ಪ ಧಾರಾಳವಾಗಿ ಸಾಸಿವೆ ಚೆಲ್ಲಿದಳು. ಇನ್ನೊಂದು ಪಕ್ಕಕ್ಕೆ ಮೆಂತ್ಯ. ಕೊತ್ತಂಬರಿಯನ್ನು ಬೂಟಿನ ಅಡಿಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಎರಚಿದಳು. ಅನನ್ಯಾ ಕುಂಟೆ ಎಳೆದಳು. ಹತ್ತು ನಿಮಿಷದ ಕೆಲಸ.

ಪಕ್ಕದ ತುಂಡಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಆಲೂಗೆಡ್ಡೆ ಹೂಳುತ್ತಿದ್ದಳು. ಹೆಸರು ಬ್ರೀಡಾ, ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತಳಾದವಳು, ತೋಟದ ಸಮಿತಿಯ ಕಾರ್ಯದರ್ಶಿ. ಅಷ್ಟು ದೂರದಿಂದಲೇ ಕೂಗಿ ಹೇಳಿದಳು: ಈ ವಾರ ಚಳಿ ಬಿಗಿಯುತ್ತದೆ, ಮೇಲೆ ಏನಾದರೂ ಹೊದಿಸು, ಇಲ್ಲವಾದರೆ ಚಳಿ ಬಿಟ್ಟದ್ದನ್ನು ಪಾರಿವಾಳ ತಿನ್ನುತ್ತದೆ.

ಮರುದಿನ ಜಯಮಾಲಾ ಹೇಮಚಂದ್ರನ ಎರಡು ಹಳೆಯ ಪಂಚೆಗಳನ್ನು ತಂದು ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಬ್ರೀಡಾ ಜರಿಯ ಅಂಚನ್ನು ನೋಡಿ, "ವೆರಿ ಗ್ರ್ಯಾಂಡ್," ಎಂದಳು.

ಏಪ್ರಿಲ್ ಪೂರ್ತಿ ಜಯಮಾಲಾ ವಾರಕ್ಕೆ ನಾಲ್ಕು ಸಲ ವ್ಯಾಯಾಮಕ್ಕೆ ಹೋದಳು. ಹೇಮಚಂದ್ರ ಕೇಳಲಿಲ್ಲ, ವ್ಯಾಯಾಮಕ್ಕೆ ಅನುಮತಿ ಇತ್ತು. ಅವಳಿಗೆ ಮಣ್ಣಿನ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ. ಸೊಂಟ ನೋಯುತ್ತಿತ್ತು, ಗಾಳಿಗೆ ಮೂಗು ಸೋರುತ್ತಿತ್ತು. ಆದರೂ ಅಲ್ಲಿ ಯಾರೂ ಯಾಕೆ ಹಾಗೆ, ಎಷ್ಟು ಹೊತ್ತಿಗೆ ಎಂದು ಕೇಳುತ್ತಿರಲಿಲ್ಲ. ಬ್ರೀಡಾ ಹವಾಮಾನ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಸಾಸಿವೆ ಒಂಬತ್ತನೆಯ ದಿನ ತಲೆ ಎತ್ತಿತು, ಮೆಂತ್ಯ ಅದರ ಮರುದಿನ. ತಿಂಗಳ ಕೊನೆಗೆ ಪಂಚೆಯನ್ನು ಒಂದು ಪಕ್ಕಕ್ಕೆ ಸರಿಸಬೇಕಾಯಿತು, ಅಷ್ಟು ಬೆಳೆದಿತ್ತು.

ತಪಾಸಣೆಗೆ ಒಂದು ವಾರ ಇರುವಾಗ ಯಾಸೀನ್ ಹೇಮಚಂದ್ರನಿಗೆ ಫೋನು ಮಾಡಿದ. ಪ್ರತಿ ಭಾನುವಾರ ಹದಿನಾಲ್ಕನೆಯ ತುಂಡಿನ ಮುಂದೆ ಒಂದು ಸುತ್ತು ಹಾಕುವುದು ಅವನ ರೂಢಿ. ಈಚೆಗೆ ಕೆಲಸದ ಒತ್ತಡದಲ್ಲಿ ಮೂರು ವಾರ ತಪ್ಪಿಸಿದ್ದ.

"ಹೇಮಣ್ಣ, ಮೋಸ ಮಾಡ್ಬಿಟ್ರಲ್ಲ ನೀವು! ಸಸಿ ಎಲ್ಲ ಸತ್ತೋಯ್ತು ಅಂತ ಅಂದ್ರಿ, ಇಲ್ಲಿ ನೋಡಿದ್ರೆ ಫುಲ್ ಹಸಿರು ಐತೆ."

"ಬೇರೆ ಯಾರದ್ದೋ ನೋಡ್ತಿದ್ದೀಯ."

"ಹದಿನಾಲ್ಕೇ. ನಿಮ್ ಪಂಚೇನೂ ಹಾಸೈತೆ."

"ನನ್ನ ಪಂಚೆ ಅಂತ ನಿನಗೆ ಹೆಂಗೆ ಗೊತ್ತು?"

"ಮೂಲೇಲಿ ನಿಮ್ ಹೆಸರು, ತಗೊಂಡ ತಾರೀಕು ಬರ್ದೈತಲ್ಲ. ಪಂಚೆಗೆ ಲೇಬಲ್ ಹಾಕೋರು ಕಾರ್ಕಲ್ಲಿ ಇನ್ನು ಯಾರವ್ರೆ?"

ಹೇಮಚಂದ್ರ ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದ. ಎರಡು ಗಂಟೆಯ ಮೇಲೆ ಬಂದ. ಕೈಯಲ್ಲಿ ಒಂದು ಸಾಸಿವೆ ಗಿಡ, ಬೇರು ಸಮೇತ, ಪ್ಲಾಸ್ಟಿಕ್ ಚೀಲದೊಳಗೆ.

"ಇದರ ದಾಖಲೆ ಎಲ್ಲಿ?"

"ಯಾವ ದಾಖಲೆ?"

"ಬೀಜ ಎಲ್ಲಿಂದ ಬಂತು, ಯಾವತ್ತು ಹಾಕಿದ್ದು, ಯಾರು ಪರೀಕ್ಷೆ ಮಾಡಿದ್ರು?"

"ಮೆಟ್ಟಿಲ ಕೆಳಗಿಂದ ಬಂತು. ಈಸ್ಟರ್ ದಿನ ಹಾಕ್ದೆ. ಪಾರಿವಾಳ ಪರೀಕ್ಷೆ ಮಾಡ್ತು."

ಹೇಮಚಂದ್ರ ಕುರ್ಚಿ ಹುಡುಕಿ ಕೂತ. "ಕೆಂಪು ಚೀಟಿ ಹಾಕಿದ್ದಾ?"

"ಹೂಂ. ಚೀಟಿ ಕಿತ್ತೇ ಹಾಕ್ದೆ."

"ತಿರಸ್ಕರಿಸಿದ್ದನ್ನ ಮತ್ತೆ ಬಳಸೋದು ಅಂದ್ರೆ ಏನು ಗೊತ್ತೇನೇ ನಿನಗೆ? ನಮ್ಮಲ್ಲಾಗಿದ್ರೆ ಕಾರ್ಖಾನೆಗೆ ಬೀಗ ಬೀಳ್ತಿತ್ತು."

"ಸಾಸಿವೆಗೆ ಅದು ಗೊತ್ತಿರಲಿಲ್ಲ ಬಿಡಿ, ಬಂದ್ಬಿಡ್ತು."

"ನಾಳೆ ಬೆಳಗ್ಗೆ ಹೋಗಿ ಪೂರ್ತಿ ಅಗೆದು ಹಾಕ್ತೀನಿ."

ಆತ ತಮಾಷೆ ಮಾಡುವವನಲ್ಲ. ಗುದ್ದಲಿಯನ್ನು ಬಾಗಿಲ ಬಳಿ ತಂದಿಟ್ಟೇಬಿಟ್ಟ. ಜಯಮಾಲಾಗೆ ಒಂದು ಕ್ಷಣ ಸಾಸಿವೆ, ಮೆಂತ್ಯ, ಎರಡು ಗಂಟೆ, ಎಲ್ಲವೂ ಆ ಗುದ್ದಲಿಯ ಬಾಯಿಗೆ ಬಿದ್ದಂತಾಯಿತು. ಆದರೆ ಒಂದು ವರ್ಷದಿಂದ ಗಂಡನ ಸಭೆಗಳೆಲ್ಲ ಅವಳ ಅಡುಗೆಮನೆಗೆ ಕೇಳಿಸುತ್ತಿದ್ದವು. ಅವು ಅವಳಿಗೆ ಬೇಡವಾದರೂ ಬಾಯಿಪಾಠವಾಗಿದ್ದವು.

"ರೀ, ತನಿಖೆ ಮಾಡದೆ ಮಾಲು ನಾಶ ಮಾಡಬಹುದಾ?" ಎಂದಳು, ಪಾತ್ರೆ ಒರೆಸುತ್ತ.

ಹೇಮಚಂದ್ರ ನಿಂತ.

"ಮೊನ್ನೆ ಯಾರೋ ಹುಡುಗನಿಗೆ ಬೈತಾ ಇದ್ರಿ. ಕಾರಣ ಪತ್ತೆ ಆಗೋವರೆಗೂ ಸರಕು ಮುಟ್ಟೋ ಹಾಗಿಲ್ಲ ಅಂತ."

"ಅದು... ಹೌದು."

"ತನಿಖೆಗೆ ಎಷ್ಟು ದಿನ?"

"ಮೂವತ್ತು ಕೆಲಸದ ದಿನ."

"ಅಲ್ಲೀವರೆಗೂ?"

"ಕ್ವಾರಂಟೈನ್," ಎಂದ ಹೇಮಚಂದ್ರ. ಆ ಪದ ಅವನ ಬಾಯಿಂದ ಅಷ್ಟು ಒಲ್ಲದೆ ಹೊರಟದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಮರುದಿನ ಆತ ತೋಟಕ್ಕೆ ಹೋಗಿ ಹದಿನಾಲ್ಕನೆಯ ತುಂಡಿನ ಸುತ್ತ ನಾಲ್ಕು ಗೂಟ ಹೊಡೆದು ಹಳದಿ ಪಟ್ಟಿ ಕಟ್ಟಿ ಬಂದ. ಗುದ್ದಲಿ ಹಿತ್ತಲಿಗೆ ಮರಳಿತು.

ಮೇ ಒಂದು, ಶನಿವಾರ. ಬ್ರೀಡಾ ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದಳು. ಯಾಸೀನ್ ಆರು ಅಡಿ ದೂರದಲ್ಲಿ, ಕೈಕಟ್ಟಿ, ಮದುವೆಗೆ ಬಂದ ಬೀಗರ ಕಡೆಯವನಂತೆ ನಿಂತಿದ್ದ. ಬ್ರೀಡಾ ಹಳದಿ ಪಟ್ಟಿಯನ್ನು ನೋಡಿದಳು, ಅದರೊಳಗೆ ಗೇಣೆತ್ತರ ನಿಂತ ಸಾಸಿವೆಯನ್ನು ನೋಡಿದಳು, ಪೆನ್ನು ಎತ್ತಿದಳು.

"ಒಂದು ನಿಮಿಷ," ಎಂದು ಹೇಮಚಂದ್ರ ಮುಂದೆ ಬಂದ. ಅವನ ಕೈಯಲ್ಲಿ ನಾಲ್ಕು ಪುಟದ ವರದಿ ಇತ್ತು. ಜಯಮಾಲಾಗೆ ಅದರ ಸುಳಿವೇ ಇರಲಿಲ್ಲ. ಈ ಬೆಳೆ ತಾನು ಬೆಳೆದದ್ದಲ್ಲ ಎಂದು ಆತ ಇಂಗ್ಲಿಷಿನಲ್ಲಿ ಶುರುಮಾಡಿದ. ತನ್ನ ಸಸಿಗಳು ಎರಡು ಸಲ ಸತ್ತವು, ಮೂರನೆಯ ಸುತ್ತಿನವು ಇನ್ನೂ ಮನೆಯಲ್ಲಿವೆ. ಇಲ್ಲಿರುವುದು ತನ್ನ ಹೆಂಡತಿ, ತನ್ನ ಅನುಮತಿಯಿಲ್ಲದೆ, ಅವ್ಯವಸ್ಥಿತವಾಗಿ ಎರಚಿದ ಮಸಾಲೆ ಸಾಮಾನು. ಇಷ್ಟಕ್ಕೂ ಬಿಡದೆ, ತೋಟದ ಆರನೆಯ ನಿಯಮದ ಪ್ರಕಾರ ತುಂಡನ್ನು ಯಾರ ಹೆಸರಿಗೆ ಕೊಟ್ಟಿದೆಯೋ ಅವರೇ ದುಡಿಯಬೇಕು, ಅದನ್ನು ತಾವು ಗಮನಿಸಬೇಕು ಎಂದ.

ಯಾಸೀನ್ ಕಟ್ಟಿದ್ದ ಕೈ ಬಿಚ್ಚಿದ. "ಅಕ್ಕಾ," ಎಂದು ಪಿಸುಗುಟ್ಟಿದ, "ಅಣ್ಣನಿಗೆ ನಾನು ಏನೂ ಕೊಟ್ಟಿಲ್ಲ, ಅಲ್ಲಾನಾಣೆ."

"ಗೊತ್ತಪ್ಪ. ಅವರು ಬಿಟ್ಟಿಯಾಗೇ ಹೀಗೆ."

ಜಯಮಾಲಾಗೆ ಎಡಗಡೆಯ ಪಂಚೆಯನ್ನು ಎತ್ತಿ ಗಂಡನ ಬಾಯಿಗೆ ತುರುಕಬೇಕೆನಿಸಿತು. ಬ್ರೀಡಾ ವರದಿಯ ಮೊದಲ ಪುಟವನ್ನು ಅರ್ಧ ಓದಿದಳು, ಉಳಿದ ಮೂರನ್ನು ಎಣಿಸಿದಳು, ಮಡಚಿ ಜೇಬಿಗೆ ಹಾಕಿದಳು. ಆರನೆಯ ನಿಯಮ ಸರಿ ಎಂದಳು. ಈಸ್ಟರಿನಿಂದ ಇಲ್ಲಿ ಯಾರು ದುಡಿದರೆಂದು ತಾನೇ ಕಣ್ಣಾರೆ ನೋಡಿದ್ದೇನೆ, ಅದಕ್ಕೆ ನಾಲ್ಕು ಪುಟ ಬೇಕಾಗಿರಲಿಲ್ಲ ಎಂದಳು. ಒಂದೇ ಮನೆಯವರೊಳಗೆ ಹೆಸರು ಬದಲಾಯಿಸಲು ಯಾವ ನಿಯಮದ ಅಡ್ಡಿಯೂ ಇಲ್ಲ. ಹೇಮಚಂದ್ರ ಎಂದಿದ್ದ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದು ಜಯಮಾಲಾಳ ಕಡೆ ತಿರುಗಿ, ಹೆಸರು ಒಂದೊಂದೇ ಅಕ್ಷರ ಹೇಳು ಎಂದಳು. ಬರೆದು, ಗುರುತು ಹಾಕಿ, "ಗ್ರ್ಯಾಂಡ್ ಸೋ," ಸರಿ ಹಾಗಾದರೆ, ಎಂದು ಹದಿನೈದನೆಯ ತುಂಡಿಗೆ ಹೋದಳು.

"ತಿದ್ದಿದ ಕಡೆ ಸಹಿ ಹಾಕಲಿಲ್ಲ, ತಾರೀಕೂ ಹಾಕಲಿಲ್ಲ," ಎಂದ ಹೇಮಚಂದ್ರ, ಅವಳ ಬೆನ್ನನ್ನು ನೋಡುತ್ತ.

ಯಾಸೀನ್ ನಿಟ್ಟುಸಿರು ಬಿಟ್ಟ. "ಅಕ್ಕಾ, ನಿಮಗೆ ಸೊಂಟ ನೋವು ಗಿಂಟ ನೋವು..."

"ಇಲ್ಲಪ್ಪ. ಗಟ್ಟಿಯಾಗಿದ್ದೀನಿ."

ಮನೆಗೆ ನಡೆದು ಬರುವಾಗ ಜಯಮಾಲಾ ಆದದ್ದನ್ನು ತೂಗಿ ನೋಡಿದಳು. ಗಂಡನನ್ನು ಮನೆಯಿಂದ ಹೊರಗೆ ಕಳಿಸಬೇಕೆಂದು ಇಷ್ಟೆಲ್ಲ ಮಾಡಿದ್ದು. ಈಗ ನಿಯಮದ ಪ್ರಕಾರ ಹೊರಗೆ ಹೋಗಬೇಕಾದವಳು ಅವಳು. ಮೊದಲ ಒಂದು ಕಿಲೋಮೀಟರ್ ಇದು ಸೋಲಿನಂತೆ ಕಂಡಿತು. ಎರಡನೆಯ ಕಿಲೋಮೀಟರಿನಲ್ಲಿ ಸಂದೇಹ ಬಂತು. ಗಂಡನೊಬ್ಬ ಮನೆಯಲ್ಲಿಲ್ಲದಿರುವುದಕ್ಕೂ ತಾನು ಮನೆಯಲ್ಲಿಲ್ಲದಿರುವುದಕ್ಕೂ ನಡುವೆ ಇರುವ ವ್ಯತ್ಯಾಸವೆಂದರೆ ಅಡುಗೆಮನೆ ಒಂದೇ. ಅದನ್ನು ಬಿಟ್ಟುಕೊಟ್ಟರಾಯಿತು.

"ರೀ, ಇನ್ಮೇಲೆ ದಿನಾ ನಾನೇ ಬರ್ಬೇಕಲ್ಲ."

"ಆರನೇ ನಿಯಮ."

"ಸಂಜೆ ಐದರಿಂದ ಏಳು. ಈಗ ಒಂಬತ್ತರವರೆಗೂ ಬೆಳಕಿರತ್ತೆ."

"ಐದರಿಂದ ಏಳಾ?" ಹೇಮಚಂದ್ರ ಯೋಚಿಸಿದ. "ಮತ್ತೆ ಅಡುಗೆ?"

"ಒಂದು ವರ್ಷದಿಂದ ಪರಿಶೀಲನೆ ಮಾಡಿದ್ದೀರಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಆತ ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಆ ರಾತ್ರಿಯೇ ಸಾರಿನ ಕಾರ್ಯವಿಧಾನ ಬರೆಯಲು ಕೂತ.

ಸೋಮವಾರ ಸಂಜೆ ಜಯಮಾಲಾ ಹದಿನಾಲ್ಕನೆಯ ತುಂಡಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತು ಮೆಂತ್ಯ ಸೊಪ್ಪು ಕೀಳುತ್ತಿದ್ದಳು. ಆರು ಹತ್ತಕ್ಕೆ ಫೋನು ಬಂತು.

"ಜಯಾ, ಬೇಳೆಗೆ ಎಷ್ಟು ವಿಷಲ್?"

"ಮೂರು."

"ಮೂರನೇದು ಶುರುವಾದಾಗ ಆರಿಸಬೇಕಾ, ಮುಗಿದ ಮೇಲಾ?"

"ನೀವೇ ತೀರ್ಮಾನ ಮಾಡಿ. ನಾನು ಇಲ್ಲಿ ಕೆಲಸದಲ್ಲಿದೀನಿ."

ಫೋನನ್ನು ಸದ್ದಿಲ್ಲದಂತೆ ಮಾಡಿ ಬುಟ್ಟಿಯ ತಳಕ್ಕೆ ಹಾಕಿದಳು. ಪಕ್ಕದಲ್ಲಿ ಬ್ರೀಡಾ ನಾಳೆ ಮಳೆ ಬರಬಹುದೆಂದಳು. ಬರಬಹುದು ಎಂದು ಇವಳೂ ಒಪ್ಪಿದಳು. ಆ ಸಂಭಾಷಣೆ ಅಲ್ಲಿಗೆ ಮುಗಿಯಿತು.

ಏಳಕ್ಕೆ ಬರುತ್ತೇನೆಂದವಳು ಏಳೂವರೆಗೆ ಮನೆ ಸೇರಿದಳು. ಮೇಜಿನ ಮೇಲೆ ಊಟ ಸಿದ್ಧವಾಗಿತ್ತು, ಅಡುಗೆಕಟ್ಟೆ ಒರೆಸಿತ್ತು, ಅನನ್ಯಾ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು. ಸಾರು ಚೆನ್ನಾಗಿತ್ತು, ಅವಳು ಮಾಡುವುದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಹೇಮಚಂದ್ರ ಎದುರಿಗೆ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ಜಯಮಾಲಾ ಏನೂ ಹೇಳದೆ ಉಂಡಳು. ಹೇಳಿದ್ದರೆ ಆತ ಅದನ್ನು ಬರೆದುಕೊಡು ಎನ್ನುತ್ತಿದ್ದ.